ಪರರ ಓಲೆಯನ್ನೂ ಕಾಯ್ದವರು

ಶ್ರುತಪಂಚಮಿ ಸಮೀಪಿಸುತ್ತಿದೆ. ಜ್ಯೇಷ್ಠ ಶುದ್ಧ ಪಂಚಮಿಯಂದು ಜಿನಾಲಯಗಳಲ್ಲಿ ಶಾಸ್ತ್ರಗ್ರಂಥಗಳನ್ನು ಪೀಠದ ಮೇಲಿರಿಸಿ, ಹೊಸ ವಸ್ತ್ರ ಹೊದಿಸಿ, ಅಷ್ಟದ್ರವ್ಯಗಳಿಂದ ಅರ್ಚಿಸುವ ಪದ್ಧತಿ ನಮ್ಮಲ್ಲಿದೆ. ಕಳವಾ, ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳು ಊರಿನಿಂದ ದೂರವಿದ್ದರೂ ಈ ಆಚರಣೆಯನ್ನು ಕೈಬಿಟ್ಟಿಲ್ಲ. ಅದು ಸಂತೋಷದ ಸಂಗತಿ. ಆದರೆ ಪೂಜೆ ಮುಗಿದು, ವಸ್ತ್ರವನ್ನು ಮತ್ತೆ ಸುತ್ತಿ ಗ್ರಂಥವನ್ನು ಕಪಾಟಿನಲ್ಲಿ ಇರಿಸುವ ಮೊದಲು ನಾವು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಈ ಜ್ಞಾನ ಯಾರ ಯಾರ ಕೈಗಳನ್ನು ದಾಟಿ ನಮ್ಮವರೆಗೆ ಬಂದಿದೆ? ನಮ್ಮ ಹಿರಿಯರ ಕೈಗಳು ಯಾರ ಯಾರ ಜ್ಞಾನವನ್ನು ಕಾಯ್ದು ಮುಂದಿನವರಿಗೆ ಒಪ್ಪಿಸಿವೆ? ಈ ಎರಡಕ್ಕೂ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಂಡರೆ, ಇಂದು ನಾವು ನಮ್ಮ ಸುತ್ತ ಕಟ್ಟಿಕೊಳ್ಳುತ್ತಿರುವ ಕೆಲವು ಗೋಡೆಗಳ ಬಗೆಗೆ ಮರುವಿಚಾರ ಮಾಡದೆ ಗತ್ಯಂತರವಿಲ್ಲ.

ಶ್ರುತಪಂಚಮಿಯ ಮೂಲದಲ್ಲಿರುವುದು ಮರೆವಿನ ಭಯ. ಪರಂಪರೆ ಹೇಳುವಂತೆ, ಗಿರಿನಗರದ ಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮೊಡನೆಯೇ ಶ್ರುತಜ್ಞಾನವೂ ಅಳಿದುಹೋದೀತೆಂದು ಕಳವಳಗೊಂಡು, ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಬೋಧಿಸಿದರು. ಪುಷ್ಪದಂತರು ವನವಾಸಿ ದೇಶಕ್ಕೆ, ಎಂದರೆ ನಮ್ಮ ಬನವಾಸಿಯ ಸೀಮೆಗೆ ಬಂದು ಸೂತ್ರರಚನೆ ಆರಂಭಿಸಿದರು. ಭೂತಬಲಿಗಳು ದ್ರಮಿಳ ದೇಶದಲ್ಲಿ ಅದನ್ನು ಪೂರ್ಣಗೊಳಿಸಿದರು. ಷಟ್ಖಂಡಾಗಮವು ಗ್ರಂಥರೂಪ ತಳೆದ ದಿನವೆಂದೇ ನಾವು ಈ ಪಂಚಮಿಯನ್ನು ಆಚರಿಸುತ್ತೇವೆ. ಸೌರಾಷ್ಟ್ರದಲ್ಲಿ ಕೇಳಿದ್ದು ದಕ್ಷಿಣದಲ್ಲಿ ಬರಹವಾಯಿತು. ಪ್ರಾಕೃತದ ಆ ಸೂತ್ರಗಳಿಗೆ ವೀರಸೇನರು ಒಂಬತ್ತನೆಯ ಶತಮಾನದ ಆದಿಯಲ್ಲಿ ಧವಲಾ ಟೀಕೆ ಬರೆದರು. ಆ ಟೀಕೆಯು ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡುಬಿದಿರೆಯಲ್ಲಿ ಉಳಿಯಿತು. ನಮ್ಮ ಅತ್ಯಂತ ಪವಿತ್ರ ಗ್ರಂಥವೇ ಭಾಷೆ, ಲಿಪಿ, ಪ್ರದೇಶಗಳ ಗಡಿ ದಾಟಿ ಬದುಕಿದ್ದು.

ವೀರಸೇನರ ಶಿಷ್ಯರಾದ ಜಿನಸೇನರ ಕಾಲದಲ್ಲಿ ಮಾನ್ಯಖೇಟದಿಂದ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಅವನ ಹೆಸರು ಕೇಳಿದರೆ ನಮಗೆ ಕಲಬುರಗಿ ಜಿಲ್ಲೆಯ ಮಳಖೇಡ ನೆನಪಾಗುತ್ತದೆ. ಆದರೆ ಅವನ ಆಳ್ವಿಕೆಯ ಒಂದು ಸಾಕ್ಷ್ಯ ನಮ್ಮ ಮನೆಗಳಿಗೆ ಬಲು ಹತ್ತಿರದಲ್ಲಿದೆ. ಕಳವಾದಿಂದ ಖಾಡಿ ದಾಟಿ ಠಾಣೆಗೆ ಬಂದರೆ ಪಶ್ಚಿಮಕ್ಕೆ ಯೇವೂರಿನ ಗುಡ್ಡಗಳು ಕಾಣುತ್ತವೆ. ಆ ಕಾಡಿನ ಆಚೆ ಮಗ್ಗುಲಲ್ಲಿ, ಬೊರಿವಲಿಯ ಕಡೆಗೆ, ಕಾನ್ಹೇರಿಯ ಬೌದ್ಧ ಗುಹೆಗಳಿವೆ. ಅಲ್ಲಿನ ಶಾಸನಗಳಲ್ಲಿ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಸಾಮಂತರಾದ ಪುಲ್ಲಶಕ್ತಿ ಮತ್ತು ಕಪರ್ದಿ ತಮ್ಮ ಒಡೆಯನೆಂದು ಅಮೋಘವರ್ಷನನ್ನು ಹೆಸರಿಸುತ್ತಾರೆ. ಅವುಗಳಲ್ಲಿ 843ರ ಸುಮಾರಿನದೆಂದು ವಿದ್ವಾಂಸರು ಗುರುತಿಸುವ ಶಾಸನವು ಕೃಷ್ಣಗಿರಿಯ ಭಿಕ್ಷುಸಂಘಕ್ಕೆ ಕೊಟ್ಟ ದತ್ತಿಯನ್ನು ದಾಖಲಿಸುತ್ತದೆ. ಬುದ್ಧನ ಪೂಜೆಗೆ, ವಿಹಾರದ ದುರಸ್ತಿಗೆ, ಭಿಕ್ಷುಗಳ ವಸ್ತ್ರಕ್ಕೆ ಎಂದು ಹಣವನ್ನು ಬೇರೆ ಬೇರೆಯಾಗಿ ವಿಂಗಡಿಸಿದ ದಾನಿ, ಪುಸ್ತಕಗಳಿಗಾಗಿಯೂ ಪ್ರತ್ಯೇಕವಾಗಿ ಒಂದಿಷ್ಟನ್ನು ಮೀಸಲಿಟ್ಟಿದ್ದಾನೆ. ಜಿನಸೇನರನ್ನು ಗುರುವೆಂದು ಗೌರವಿಸಿದ ಅರಸನ ನಾಡಿನಲ್ಲಿ, ಅವನ ಸಾಮಂತನ ಆಡಳಿತದಲ್ಲಿ, ಬೌದ್ಧ ವಿಹಾರದ ಪುಸ್ತಕಗಳಿಗೆ ನಿಧಿ ಏರ್ಪಟ್ಟಿತು. ಅದನ್ನು ಸಾಧ್ಯವಾಗಿಸಿದ ವಾತಾವರಣವೇ ಇಲ್ಲಿ ಮುಖ್ಯ.

ಅದೇ ಅಮೋಘವರ್ಷನು ಕೊಲ್ಲಾಪುರದ ಮಹಾಲಕ್ಷ್ಮಿಗೆ ತನ್ನ ಬೆರಳನ್ನು ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನ ಹೇಳುತ್ತದೆ. 851ರ ಸುಮಾರಿಗೆ ಬರೆಯಲಾದ ಅರಬ್ ವರ್ತಕ ಸುಲೈಮಾನನ ವೃತ್ತಾಂತವು ಬಲ್ಹಾರನನ್ನು, ಎಂದರೆ ರಾಷ್ಟ್ರಕೂಟ ವಲ್ಲಭರಾಜನನ್ನು, ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದೂ ಅರಬ್ಬರ ಮಿತ್ರನೆಂದೂ ಬಣ್ಣಿಸುತ್ತದೆ. ಹಳೆಯ ಠಾಣೆ ಜಿಲ್ಲೆಗೆ ಸೇರಿದ್ದು 2014ರಿಂದ ಪಾಲಘರ ಜಿಲ್ಲೆಯಲ್ಲಿರುವ ಚಿಂಚಣಿಯಲ್ಲಿ ದೊರೆತ 926ರ ತಾಮ್ರಪಟವೊಂದು ಇನ್ನೂ ಸ್ಪಷ್ಟವಾದ ಸಾಕ್ಷ್ಯ. ರಾಷ್ಟ್ರಕೂಟ ಮೂರನೆಯ ಇಂದ್ರನ ಕಾಲದಲ್ಲಿ ಸಂಜಾನ್ ಮಂಡಲವನ್ನು ಆಳುತ್ತಿದ್ದವನು ತಾಜಿಕ, ಎಂದರೆ ಅರಬ್, ಅಧಿಕಾರಿ. ಸಂಸ್ಕೃತ ಶಾಸನದಲ್ಲಿ ಅವನ ಹೆಸರು ಮಧುಮತಿ. ಅದು ಮುಹಮ್ಮದ್ ಎಂಬುದರ ರೂಪಾಂತರವೆಂದು ವಿದ್ವಾಂಸರ ಅಭಿಪ್ರಾಯ. ಅವನು ದೇವಿಯ ಮಠವೊಂದಕ್ಕೆ ಭೂಮಿ ಬಿಡಿಸಿದನು, ಹೊಳೆ ದಾಟುವವರಿಗೆ ದೋಣಿಗಳನ್ನು ಏರ್ಪಡಿಸಿದನು, ಅನ್ನಸತ್ರ ನಡೆಸಿದನು. ಕನ್ನಡ ನಾಡಿನ ಅರಸರ ಕೆಳಗೆ ಮುಸಲ್ಮಾನ ಅಧಿಕಾರಿಯು ಹಿಂದೂ ಮಠವನ್ನು ಪೋಷಿಸಿದ ಈ ಘಟನೆ ನಾವು ದಿನವೂ ಲೋಕಲ್ ರೈಲಿನಲ್ಲಿ ಓಡಾಡುವ ಸೀಮೆಯ ಇತಿಹಾಸ.

ನೃಪತುಂಗನ ಆಸ್ಥಾನದಲ್ಲಿ ವಿದ್ಯೆ ಹೇಗೆ ಬೆಳೆಯಿತೆಂಬುದನ್ನೂ ಗಮನಿಸಬೇಕು. ಶ್ರೀವಿಜಯನ ಕವಿರಾಜಮಾರ್ಗವು ಸುಮಾರು 850ರ ಕೃತಿ. ಕನ್ನಡದಲ್ಲಿ ನಮಗೆ ಉಳಿದುಬಂದ ಮೊದಲ ಗ್ರಂಥವೆಂದು ನಾವು ಹೆಮ್ಮೆಪಡುವ ಅದು, ಜೈನನಲ್ಲದ ದಂಡಿಯ ಕಾವ್ಯಾದರ್ಶವನ್ನು ಆಧಾರವಾಗಿ ಇಟ್ಟುಕೊಂಡು ಕನ್ನಡಕ್ಕೆ ತಕ್ಕಂತೆ ಮರುರೂಪಿಸಿದ ಕೃತಿ. ಪರರ ಮತ ಮತ್ತು ಚಿಂತನೆಗಳ ಬಗೆಗಿನ ಸಹನೆಯನ್ನು ಅದು ಕೊಂಡಾಡುವುದನ್ನು ನಮ್ಮ ಸಮಾರಂಭಗಳ ಭಾಷಣಕಾರರು ಪದೇ ಪದೇ ನೆನೆಯುತ್ತಾರೆ. ಆ ಸಹನೆ ಬರಿಯ ಸೌಜನ್ಯವಾಗಿರಲಿಲ್ಲ. ಪರರ ಪುಸ್ತಕವನ್ನು ಪೂರ್ತಿಯಾಗಿ ಓದಿ, ಅರ್ಥಮಾಡಿಕೊಂಡು, ತನ್ನ ನುಡಿಗೆ ತರುವ ಶ್ರಮವಾಗಿತ್ತು.

ಅದೇ ಕಾಲದಲ್ಲಿ ಬಾಗ್ದಾದಿನಲ್ಲಿಯೂ ಇಂಥದೇ ಕೆಲಸ ನಡೆಯುತ್ತಿತ್ತು. ಅಬ್ಬಾಸಿ ಖಲೀಫರ ಆಶ್ರಯದಲ್ಲಿ ಗ್ರೀಕ್ ವೈದ್ಯ ಮತ್ತು ತತ್ತ್ವಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿಗೆ ತಂದವರಲ್ಲಿ ಅಗ್ರಗಣ್ಯನಾದ ಹುನೈನ್ ಇಬ್ನ್ ಇಸ್‌ಹಾಕ್ (809–873) ನೆಸ್ಟೋರಿಯನ್ ಕ್ರೈಸ್ತ; ಗಣಿತಗ್ರಂಥಗಳನ್ನು ತಂದ ಸಾಬಿತ್ ಇಬ್ನ್ ಕುರ್ರಾ ನಕ್ಷತ್ರಾರಾಧಕರಾದ ಹರ್ರಾನಿನ ಸಾಬಿಯನ್ ಪಂಥದವನು. ಹುನೈನನೂ ಅಮೋಘವರ್ಷನೂ ಒಂದೇ ಪೀಳಿಗೆಯವರು. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ತೊಲೆದೊ ನಗರದಲ್ಲಿ ಕ್ರೆಮೋನಾದ ಜೆರಾರ್ಡ್ ಮೊದಲಾದವರು ಅರಬ್ಬಿಯಲ್ಲಿ ಉಳಿದಿದ್ದ ಗ್ರೀಕ್ ವಿದ್ಯೆಯನ್ನು ಲ್ಯಾಟಿನ್ನಿಗೆ ತಂದಾಗಲೇ ಯುರೋಪು ಟಾಲೆಮಿಯ ಖಗೋಳಗ್ರಂಥವನ್ನು ಚೆನ್ನಾಗಿ ಅರಿತದ್ದು. ಒಂದು ಮತದವರು ಬರೆದದ್ದನ್ನು ಎರಡನೆಯವರು ಕಾಯ್ದು ಮೂರನೆಯವರಿಗೆ ಕೊಡುವ ಈ ಕ್ರಮ ಮಧ್ಯಯುಗದ ಜ್ಞಾನದ ಸಾಮಾನ್ಯ ಮಾರ್ಗವಾಗಿತ್ತು.

ನಮ್ಮಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ಮಹಾವೀರಾಚಾರ್ಯರ ಗಣಿತಸಾರಸಂಗ್ರಹ. ಸುಮಾರು 850ರಲ್ಲಿ, ಅಮೋಘವರ್ಷನನ್ನು ಸ್ಮರಿಸಿ ರಚಿಸಿದ ಈ ಸಂಸ್ಕೃತ ಗ್ರಂಥದಲ್ಲಿ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬ ಸ್ಪಷ್ಟ ನಿರೂಪಣೆಯಿದೆ. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಗಳಲ್ಲಿ ಆಯಬಹುದೆಂಬುದಕ್ಕೆ ಸಾಮಾನ್ಯ ಸೂತ್ರವಿದೆ. ಇದನ್ನು ತೆಲುಗಿಗೆ ತಂದವನು ಪಾವುಲೂರಿ ಮಲ್ಲನ. ಹನ್ನೊಂದನೆಯ ಶತಮಾನದವನೆಂದು ಸಾಮಾನ್ಯವಾಗಿ ಹೇಳಲಾಗುವ ಈತ ಶೈವ ಬ್ರಾಹ್ಮಣ. ಮೂಲದಲ್ಲಿ ಜಿನರ ಸ್ತುತಿಯಿದ್ದಲ್ಲಿ ಈತ ಶಿವನನ್ನು ತಂದನು. ಜಿನಪೂಜೆಯ ಲೆಕ್ಕಗಳು ಶಿವಪೂಜೆಯ ಲೆಕ್ಕಗಳಾದವು. ನಮ್ಮಲ್ಲಿ ಕೆಲವರು ಇದನ್ನು ಅಪಹರಣವೆಂದು ಕರೆದಾರು. ಆದರೆ ಗಣಿತ ಉಳಿಯಿತು. ತೆಲುಗಿನ ಮಕ್ಕಳು ಶತಮಾನಗಳ ಕಾಲ ಜೈನಾಚಾರ್ಯರೊಬ್ಬರು ಹಾಕಿದ ಲೆಕ್ಕದ ಹಾದಿಯಲ್ಲಿಯೇ ನಡೆದರು. ಮೂಲ ಸಂಸ್ಕೃತವನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿ ಜಗತ್ತಿಗೆ ಪರಿಚಯಿಸಿದ ವಿದ್ವಾಂಸರು ಎಂ. ರಂಗಾಚಾರ್ಯರು. ಕನ್ನಡಕ್ಕೆ ಅದನ್ನು ತಂದವರು ಪದ್ಮಾವತಮ್ಮನವರು. ಹೊಂಬುಜ ಜೈನ ಮಠ ಅದನ್ನು 2000ದಲ್ಲಿ ಪ್ರಕಟಿಸಿತು. ಶೈವನೂ ವೈಷ್ಣವ ಮನೆತನದ ಪಂಡಿತರೂ ಕಾಯ್ದು ತಂದ ಗ್ರಂಥ ಕೊನೆಗೆ ನಮ್ಮ ಮಠದಿಂದ ನಮ್ಮ ಭಾಷೆಯಲ್ಲಿ ಹೊರಬಂತು.

ಕನ್ನಡ ವ್ಯಾಕರಣದ ಕಥೆಯೂ ಇಂಥದೇ. ಜೈನನಾದ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದ. ಅದಕ್ಕೆ ಟೀಕೆ ಬರೆದವರಲ್ಲಿ ವೀರಶೈವನಾದ ಲಿಂಗಣಾರಾಧ್ಯನಿದ್ದಾನೆ. 1872ರಲ್ಲಿ ಮಂಗಳೂರಿನಲ್ಲಿ ಅದನ್ನು ಸಂಪಾದಿಸಿ ಅಚ್ಚುಹಾಕಿದವರು ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲ್. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಹೊರತಂದವರೂ ಅವರೇ. ಕವಿರಾಜಮಾರ್ಗವನ್ನು 1898ರಲ್ಲಿ ಅಚ್ಚಿಗೆ ಸಿದ್ಧಪಡಿಸಿದವರು ಕೆ. ಬಿ. ಪಾಠಕರು. ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳಲ್ಲಿ ನಮ್ಮ ಕವಿಗಳ ಹೆಸರು, ಕಾಲ, ಕೃತಿಗಳನ್ನು ಒಂದೊಂದಾಗಿ ದಾಖಲಿಸಿದವರು ಆರ್. ನರಸಿಂಹಾಚಾರ್ಯರು. ಲಿಂಗಾಯತ ಮನೆತನದ ಎಂ. ಎಂ. ಕಲಬುರ್ಗಿಯವರು ಡಾಕ್ಟರೇಟ್ ಪದವಿಗಾಗಿ ಅಧ್ಯಯನ ಮಾಡಿದ್ದು ಕವಿರಾಜಮಾರ್ಗದ ಪರಿಸರದ ಸಾಹಿತ್ಯವನ್ನು. ಪರರ ವಿಚಾರವನ್ನು ಸಹಿಸುವುದನ್ನು ಕಲಿಸಿದ ಗ್ರಂಥಕ್ಕೆ ಆಯುಷ್ಯದ ಹಲವು ವರ್ಷಗಳನ್ನು ಕೊಟ್ಟ ಆ ವಿದ್ವಾಂಸರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು. ಇವರೆಲ್ಲರನ್ನು ಬಿಟ್ಟರೆ ಕನ್ನಡ ಜೈನ ಸಾಹಿತ್ಯವೆಂದು ಇಂದು ನಾವು ಎತ್ತಿ ತೋರಿಸುವುದರಲ್ಲಿ ಎಷ್ಟು ಉಳಿದೀತು?

ಇನ್ನು ಎರಡನೆಯ ಪ್ರಶ್ನೆ. ನಮ್ಮವರು ಪರರಿಗಾಗಿ ಏನನ್ನು ಕಾಯ್ದರು? ಎಂಟನೆಯ ಶತಮಾನದ ಬೌದ್ಧ ದಾರ್ಶನಿಕ ಶಾಂತರಕ್ಷಿತನ ತತ್ತ್ವಸಂಗ್ರಹದ ಸಂಸ್ಕೃತ ಮೂಲ ಉಳಿದದ್ದು ಗುಜರಾತ ಮತ್ತು ರಾಜಸ್ಥಾನದ ಜೈನ ಭಂಡಾರಗಳಲ್ಲಿ. ಬೌದ್ಧಧರ್ಮ ಈ ನೆಲದಿಂದ ಬಹುಮಟ್ಟಿಗೆ ಮರೆಯಾದ ಮೇಲೂ ಜೈನ ಯತಿಗಳು ಆ ಓಲೆಗಳನ್ನು ಬಿಸಾಡಲಿಲ್ಲ. 1926ರಲ್ಲಿ ಅದು ಬರೋಡಾದಿಂದ ಅಚ್ಚಾಯಿತು. ಅದಕ್ಕಿಂತ ಆಶ್ಚರ್ಯದ ಸಂಗತಿ ಜಯರಾಶಿ ಭಟ್ಟನ ತತ್ತ್ವೋಪಪ್ಲವಸಿಂಹದ್ದು. ಆತ್ಮ, ಕರ್ಮ, ಮೋಕ್ಷ ಎಲ್ಲವನ್ನೂ ಪ್ರಶ್ನಿಸುವ, ಚಾರ್ವಾಕ ಪರಂಪರೆಗೆ ಸೇರಿಸಲಾಗುವ ಈ ಗ್ರಂಥದ ಹಸ್ತಪ್ರತಿ 1926ರಲ್ಲಿ ಪಾಟಣದ ಭಂಡಾರದಲ್ಲಿ ದೊರೆಯಿತು. ಬಾಲ್ಯ ಕಳೆಯುವ ಹೊತ್ತಿಗೇ ಸಿಡುಬಿನಿಂದ ಕಣ್ಣು ಕಳೆದುಕೊಂಡಿದ್ದ ಜೈನ ಪಂಡಿತ ಸುಖಲಾಲ ಸಂಘವಿಯವರು ರಸಿಕಲಾಲ ಪರೀಖರೊಡನೆ ಅದನ್ನು ಸಂಪಾದಿಸಿ 1940ರಲ್ಲಿ ಪ್ರಕಟಿಸಿದರು. ಜಿನವಚನವನ್ನೂ ಬಿಡದೆ ಖಂಡಿಸುವ ಪುಸ್ತಕಕ್ಕೆ ಜಿನಾಲಯದ ಭಂಡಾರವೇ ಆಶ್ರಯವಾಯಿತು. ಹೀಗೆ ಕಾಯ್ದವರು ಶ್ವೇತಾಂಬರರು. ಅವರಿಂದ ಕಲಿಯುವುದರಲ್ಲಿ ದಿಗಂಬರರಾದ ನಮಗೆ ಸಂಕೋಚ ಬೇಕಿಲ್ಲ.

ಅನುವಾದದಲ್ಲಿಯೂ ನಮ್ಮವರು ಹಿಂದೆ ಬೀಳಲಿಲ್ಲ. 1370ರಲ್ಲಿ ಫಿರೋಜ್ ಷಾ ತುಘಲಕನ ಆಸ್ಥಾನದಲ್ಲಿದ್ದ ಜೈನ ಯತಿ ಮಹೇಂದ್ರಸೂರಿಗಳು ಮುಸಲ್ಮಾನ ಖಗೋಳಜ್ಞರಿಂದ ಅಸ್ತ್ರಲಾಬ್ ಎಂಬ ಉಪಕರಣದ ವಿದ್ಯೆಯನ್ನು ಕಲಿತು ಸಂಸ್ಕೃತದಲ್ಲಿ ಯಂತ್ರರಾಜವನ್ನು ಬರೆದರು. ಆ ಉಪಕರಣದ ಬಗೆಗೆ ಸಂಸ್ಕೃತದಲ್ಲಿ ಬಂದ ಮೊದಲ ಗ್ರಂಥ ಅದು. ಅನುಭಾವಿಗಳೂ ಇದೇ ದಾರಿಯಲ್ಲಿ ನಡೆದವರು. ಅಪಭ್ರಂಶದಲ್ಲಿ ಪರಮಾತ್ಮಪ್ರಕಾಶವನ್ನು ರಚಿಸಿದ ಯೋಗೀಂದುಗಳು ಪರಮಾತ್ಮನನ್ನು ಶಿವ, ಬ್ರಹ್ಮ, ಬುದ್ಧ ಎಂಬ ಹೆಸರುಗಳಿಂದ ಕರೆಯಲು ಹಿಂಜರಿಯಲಿಲ್ಲ. ಆ ಗ್ರಂಥಕ್ಕೆ ಕನ್ನಡದಲ್ಲಿಯೂ ಟೀಕೆ ಹುಟ್ಟಿತು. ಅದನ್ನು 1937ರಲ್ಲಿ ಸಂಪಾದಿಸಿದವರು ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳಿದ ಎ. ಎನ್. ಉಪಾಧ್ಯೆ, ಪ್ರಕಟವಾದದ್ದು ಮುಂಬಯಿಯಿಂದ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹಬ್ಬದ ಭಾಷಣವಾದೀತು. ಮಧ್ಯಯುಗವು ಸಾಮರಸ್ಯದ ಸ್ವರ್ಗವಾಗಿರಲಿಲ್ಲ. ನಮ್ಮ ಭಂಡಾರಗಳು ಪರರ ಗ್ರಂಥಗಳನ್ನು ಕಾಯ್ದದ್ದು ಹಲವು ವೇಳೆ ಪ್ರೀತಿಯಿಂದಲ್ಲ, ವಾದದಲ್ಲಿ ಗೆಲ್ಲುವುದಕ್ಕಾಗಿ. ಅಕಲಂಕರು ಬೌದ್ಧ ತರ್ಕವನ್ನು ಆಳವಾಗಿ ಓದಿದ್ದು ಅದನ್ನು ಖಂಡಿಸಲೆಂದೇ. ಇನ್ನೊಂದು ಕಡೆ, ಅಬ್ಬಲೂರಿನ ಏಕಾಂತದ ರಾಮಯ್ಯನ ಶಾಸನವನ್ನು ಓದಿದವರಿಗೆ ನಮ್ಮ ಬಸದಿಗಳು ಏನನ್ನು ಅನುಭವಿಸಿದವೆಂಬುದು ತಿಳಿದೇ ಇದೆ. 1368ರಲ್ಲಿ ಜೈನರಿಗೂ ವೈಷ್ಣವರಿಗೂ ತಂಟೆಯಾದಾಗ ವಿಜಯನಗರದ ಬುಕ್ಕರಾಯನು ಇಬ್ಬರ ಕೈಗಳನ್ನೂ ಒಂದುಗೂಡಿಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಶ್ರವಣಬೆಳಗೊಳದಲ್ಲಿ ಕಲ್ಲಿನ ಮೇಲೆ ಬರೆಸಬೇಕಾಯಿತು. ಅಂಥ ಶಾಸನ ಬೇಕಾಯಿತೆಂಬುದೇ ಜಗಳವಿತ್ತೆಂಬುದಕ್ಕೆ ಸಾಕ್ಷಿ.

ಆದರೂ ಒಂದು ವ್ಯತ್ಯಾಸವಿದೆ. ವಾದಿಸಬೇಕಾದರೆ ಎದುರಾಳಿಯ ಪುಸ್ತಕವನ್ನು ಓದಬೇಕು. ಓದಬೇಕಾದರೆ ಅದನ್ನು ಇಟ್ಟುಕೊಳ್ಳಬೇಕು. ಪರರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಬಲ್ಲವನೇ ಅದನ್ನು ಖಂಡಿಸಲು ಅರ್ಹನೆಂಬ ನಿಯಮ ಆ ಕಾಲದ ಪಂಡಿತರದು. ಹರಿಭದ್ರಸೂರಿಗಳು ಬೌದ್ಧರ ನ್ಯಾಯಪ್ರವೇಶಕ್ಕೆ ಟೀಕೆ ಬರೆದರು. ಷಡ್ದರ್ಶನಸಮುಚ್ಚಯದಲ್ಲಿ ಪರಮತಗಳನ್ನು ನಿರುದ್ವಿಗ್ನವಾಗಿ ನಿರೂಪಿಸಿದರು. ಇಂದು ನಮ್ಮ ಮೊಬೈಲುಗಳಲ್ಲಿ ಹರಿದಾಡುವ ಸಂದೇಶಗಳಲ್ಲಿ ಪರಮತದ ಖಂಡನೆ ಹೇರಳವಾಗಿದೆ. ಅವುಗಳಲ್ಲಿ ಒಂದಾದರೂ ಆ ಮತದ ಒಂದು ಪುಸ್ತಕವನ್ನು ಓದಿ ಬರೆದದ್ದೇ? ಅನೇಕಾಂತವಾದವನ್ನು ಜಗತ್ತಿಗೆ ಕೊಟ್ಟೆವೆಂದು ಹೇಳಿಕೊಳ್ಳುವ ನಾವು ನೆರೆಯವರ ಬಗೆಗೆ ಏಕಾಂತವಾದಿಗಳಾಗುತ್ತಿದ್ದೇವೆ.

ಇದರ ಪರಿಣಾಮ ನಮ್ಮ ವಸತಿ ಕಟ್ಟಡಗಳ ಮೆಟ್ಟಿಲ ಬಳಿಯೇ ಕಾಣಿಸುತ್ತದೆ. ಕಳವಾ ದಾಟಿದರೆ ಮುಂದಿನ ನಿಲ್ದಾಣ ಮುಂಬ್ರಾ. ಒಂದೇ ಗಾಡಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಪ್ರಯಾಣ ಮಾಡುವ ನಾವು, ಮನೆಯನ್ನು ಬಾಡಿಗೆಗೆ ಕೊಡುವ ಹೊತ್ತಿಗೆ ಹೆಸರು ಕೇಳಿಯೇ ಬಾಗಿಲು ಮುಚ್ಚುತ್ತೇವೆ. ಆಹಾರದ ಕಾರಣವೆಂದು ಹೇಳುತ್ತೇವೆ. ಅಹಿಂಸೆ ನಮಗೆ ಅಣುವ್ರತ, ಅದರಲ್ಲಿ ರಾಜಿಯಿಲ್ಲ. ಆದರೆ ವ್ರತವು ವ್ರತಿಯ ನಡತೆಯನ್ನು ಕಟ್ಟುತ್ತದೆ, ನೆರೆಯವನ ವಸತಿಯನ್ನಲ್ಲ. ಈ ವಿಷಯದಲ್ಲಿಯೂ ಹಿರಿಯರ ಮೇಲ್ಪಂಕ್ತಿ ನಮ್ಮ ಮುಂದಿದೆ. ಕಲ್ಯಾಣಕಾರಕವೆಂಬ ವೈದ್ಯಗ್ರಂಥ ಬರೆದ ಉಗ್ರಾದಿತ್ಯಾಚಾರ್ಯರು ಔಷಧದಲ್ಲಿ ಮಾಂಸದ ಪ್ರಯೋಜನವಿಲ್ಲವೆಂದು ನೃಪತುಂಗನ ಸಭೆಯಲ್ಲಿ, ಅನ್ಯಮತದ ವೈದ್ಯರ ಎದುರಿನಲ್ಲಿ, ಯುಕ್ತಿಪೂರ್ವಕವಾಗಿ ಪ್ರತಿಪಾದಿಸಿದರೆಂದು ಆ ಗ್ರಂಥದ ಹಿತಾಹಿತಾಧ್ಯಾಯ ಹೇಳುತ್ತದೆ. ಭಿನ್ನಾಹಾರಿಗಳನ್ನು ಸಭೆಯಿಂದ ಹೊರಹಾಕಿರೆಂದು ಅವರು ಕೇಳಲಿಲ್ಲ. ಎದುರು ಕುಳ್ಳಿರಿಸಿಕೊಂಡು ವಾದಿಸಿದರು. ಮನೆಯೇ ಕೊಡದವನೊಡನೆ ವಾದಿಸುವ ಅವಕಾಶವಾದರೂ ನಮಗೆ ಎಲ್ಲಿಂದ ಬರಬೇಕು?

ರಾಜಕೀಯದ ಮಾತನ್ನೂ ಇಲ್ಲಿ ಹೇಳಬೇಕಾಗಿದೆ. 2014ರ ಜನವರಿಯಲ್ಲಿ ಕೇಂದ್ರ ಸರಕಾರ ಜೈನ ಸಮುದಾಯವನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ವಿದ್ಯಾರ್ಥಿವೇತನ, ಶಿಕ್ಷಣಸಂಸ್ಥೆಗಳ ಹಕ್ಕು ಮುಂತಾದ ಪ್ರಯೋಜನಗಳನ್ನು ನಾವು ನ್ಯಾಯವಾಗಿಯೇ ಪಡೆಯುತ್ತಿದ್ದೇವೆ. ಆದರೆ ಅಲ್ಪಸಂಖ್ಯಾತರೆಂಬ ಪ್ರಮಾಣಪತ್ರವನ್ನು ಕಚೇರಿಯಲ್ಲಿ ತೋರಿಸಿ, ಬೀದಿಯಲ್ಲಿ ಬಹುಸಂಖ್ಯಾತರ ಕೂಗಿಗೆ ದನಿಗೂಡಿಸುವುದು ದ್ವಂದ್ವವಲ್ಲವೆ? ಬುಕ್ಕರಾಯನ ಶಾಸನದ ಆಸರೆ ಪಡೆದ ಸಮುದಾಯವು ಇನ್ನೊಬ್ಬ ಅಲ್ಪಸಂಖ್ಯಾತನಿಗೆ ಆಸರೆ ತಪ್ಪಿದಾಗ ಮೌನವಾಗಿರುವುದು ಕೃತಘ್ನತೆ. ಯಾವ ಪಕ್ಷಕ್ಕೆ ಮತ ಕೊಡಬೇಕೆಂದು ಈ ಪತ್ರಿಕೆ ಎಂದೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಯಾರ ಬಾಯಲ್ಲಿ ಬಂದರೂ ದ್ವೇಷದ ಮಾತಿಗೆ ನಮ್ಮ ಬಸದಿಯ ಸಭಾಮಂಟಪ ವೇದಿಕೆಯಾಗಬಾರದೆಂದು ಹೇಳುವ ಹೊಣೆ ನಮ್ಮದು.

ಪರರಿಗೆ ಬಾಗಿಲು ಮುಚ್ಚಿದವರು ಕೊನೆಗೆ ತಮ್ಮವರಿಗೂ ಮುಚ್ಚುತ್ತಾರೆಂಬುದನ್ನು ಧವಲಾ ಗ್ರಂಥದ ಚರಿತ್ರೆಯೇ ಕಲಿಸುತ್ತದೆ. ಮೂಡುಬಿದಿರೆಯ ಗುರುಬಸದಿಯಲ್ಲಿದ್ದ ಆ ತಾಳೆಗರಿಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು, ಓದಿಗಲ್ಲ. ಯಾತ್ರಿಕರು ಕೈಮುಗಿದು ಹಿಂದಿರುಗುತ್ತಿದ್ದರು. ಗರಿಗಳು ಒಳಗೆ ಸವೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ ಮತ್ತು ಸೊಲ್ಲಾಪುರದ ಹೀರಾಚಂದ ನೇಮಚಂದ ಮೊದಲಾದವರು ಪ್ರತಿಲಿಪಿ ಮಾಡಿಸುವ ಪ್ರಯತ್ನಕ್ಕೆ ತೊಡಗಿದರು. ಪ್ರತಿ ಮಾಡಲು ಒಪ್ಪಿಗೆ ದೊರೆತರೂ ಅದು ಹೊರಗೆ ಹೋಗಬಾರದೆಂಬ ಹಟ ಬಹುಕಾಲ ಉಳಿಯಿತು. ಕನ್ನಡ ಲಿಪಿಯಿಂದ ದೇವನಾಗರಿಗೆ ಇಳಿದು, ಹೀರಾಲಾಲ ಜೈನರ ಸಂಪಾದನೆಯಲ್ಲಿ, ಹಿಂದಿ ಅನುವಾದದೊಡನೆ, ಅಮರಾವತಿಯಿಂದ ಮೊದಲ ಸಂಪುಟ ಹೊರಬಂದದ್ದು 1939ರಲ್ಲಿ; ಹದಿನಾರು ಸಂಪುಟಗಳು ಮುಗಿಯುವಾಗ 1958. ಪೂಜೆಯಷ್ಟೇ ಸಾಕೆಂದವರ ಮಾತು ನಡೆದಿದ್ದರೆ ವೀರಸೇನರ ಗಣಿತ, ತರ್ಕ, ಕರ್ಮಸಿದ್ಧಾಂತಗಳೆಲ್ಲ ಹುಳಕ್ಕೆ ಆಹಾರವಾಗುತ್ತಿದ್ದವು. ಅವುಗಳನ್ನು ಉಳಿಸಿದವರಲ್ಲಿ ಮಹಾರಾಷ್ಟ್ರದ ವರ್ತಕ ಶ್ರಾವಕರಿದ್ದರು. ಇಂದು ಮಹಾರಾಷ್ಟ್ರದ ಶ್ರಾವಕರು ನಾವು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು ಹಣದ ಮಾತು. ಪಂಚಕಲ್ಯಾಣ, ಆರಾಧನೆ, ಮಸ್ತಕಾಭಿಷೇಕಗಳ ಸಂದರ್ಭದಲ್ಲಿ ಸವಾಲಿನಲ್ಲಿ ಸಂಗ್ರಹವಾಗುವ ಧನದಲ್ಲಿ ಗೊತ್ತಾದ ಒಂದು ಪಾಲು ಪುಸ್ತಕಗಳಿಗೆಂದು ಲೆಕ್ಕಪತ್ರದಲ್ಲಿಯೇ ಬೇರೆ ಬರೆಯಲ್ಪಡಲಿ. ಕಾನ್ಹೇರಿಯ ದಾನಿ ಮಾಡಿದ್ದು ಅದನ್ನೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಹೆಸರಿನಲ್ಲಿ ಪ್ರಶಸ್ತಿ ಕೊಡುವುದರ ಜೊತೆಗೆ ಅವಳು ಮಾಡಿದ ಕೆಲಸವನ್ನೂ ನಾವು ಮಾಡೋಣ.

ಎರಡನೆಯದು ಲಿಪಿಯ ಮಾತು. ನಮ್ಮ ಮಕ್ಕಳು ಮರಾಠಿ, ಇಂಗ್ಲಿಷ್‌ಗಳಲ್ಲಿ ಓದುತ್ತಾರೆ. ಮನೆಯಲ್ಲಿ ಕನ್ನಡ ಮಾತನಾಡಿದರೂ ಕನ್ನಡದ ಅಕ್ಷರ ಹಲವರಿಗೆ ಅಪರಿಚಿತ. ಅದಕ್ಕಾಗಿ ಅವರನ್ನು ದೂರಿ ಫಲವಿಲ್ಲ. ದೇವನಾಗರಿ ಅವರಿಗೆ ಚೆನ್ನಾಗಿ ಬರುತ್ತದೆ. ಕನ್ನಡ ಲಿಪಿಯಲ್ಲಿದ್ದ ಪ್ರಾಕೃತವನ್ನು ದೇವನಾಗರಿಗೆ ತಂದು ಧವಲೆಯನ್ನು ಉಳಿಸಿದಂತೆ, ವಡ್ಡಾರಾಧನೆಯ ಕಥೆಗಳನ್ನೂ ಪಂಪ, ರನ್ನ, ರತ್ನಾಕರವರ್ಣಿಗಳ ಆಯ್ದ ಭಾಗಗಳನ್ನೂ ಕನ್ನಡ ಭಾಷೆಯಲ್ಲಿಯೇ, ದೇವನಾಗರಿ ಅಕ್ಷರಗಳಲ್ಲಿ, ಮರಾಠಿ ಮತ್ತು ಇಂಗ್ಲಿಷ್ ಅರ್ಥದೊಡನೆ ಸಿದ್ಧಪಡಿಸಬಹುದು. ಅಕ್ಷರವನ್ನು ಆಮೇಲೆ ಕಲಿಸಬಹುದು. ನುಡಿ ಒಮ್ಮೆ ಹೋದರೆ ಮರಳದು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ; ಮಾರ್ಗದರ್ಶನಕ್ಕೆ ನಾವು ದೂರ ಹೋಗಬೇಕಿಲ್ಲ.

ಮೂರನೆಯದು ಮನೆಯ ಮಾತು. ಊರಿನ ಹಳೆಯ ಮನೆಗಳ ಅಟ್ಟದಲ್ಲಿ, ದೇವರ ಪೆಟ್ಟಿಗೆಯಲ್ಲಿ ಇನ್ನೂ ಓಲೆಗರಿಗಳಿವೆ, ಕೈಬರಹದ ಕಡತಗಳಿವೆ. ರಜೆಯಲ್ಲಿ ಊರಿಗೆ ಹೋದಾಗ ಅವುಗಳ ಪ್ರತಿ ಪುಟದ ಚಿತ್ರ ತೆಗೆದು, ಯಾರ ಮನೆಯದು, ಎಷ್ಟು ಗರಿ, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಬರೆದಿಡಿ. ಅದು ಜೈನ ಗ್ರಂಥವಲ್ಲದೆ ವೈದ್ಯವೋ ಜ್ಯೋತಿಷವೋ ವಚನಗಳ ಕಟ್ಟೋ ಆಗಿದ್ದರೆ ನಮ್ಮದಲ್ಲವೆಂದು ಬದಿಗಿಡಬೇಡಿ. ಹಾವು ಕಚ್ಚಿದವನ ಮತ ಕೇಳಿ ಮಂಗರಾಜ ವಿಷವೈದ್ಯವನ್ನು ಬರೆಯಲಿಲ್ಲ. ಖಗೇಂದ್ರಮಣಿದರ್ಪಣ ಎಲ್ಲರಿಗಾಗಿ ಹುಟ್ಟಿದ ಗ್ರಂಥ.

ನಾಲ್ಕನೆಯದು ನೆರೆಯ ಮಾತು. ಈ ಸಲದ ಶ್ರುತಪಂಚಮಿಗೆ ಒಬ್ಬ ಅನ್ಯಮತೀಯ ವಿದ್ವಾಂಸರನ್ನೋ ಅಧ್ಯಾಪಕರನ್ನೋ ಕರೆಯಿಸಿ, ಅವರ ಪರಂಪರೆಯ ಒಂದು ಗ್ರಂಥದ ಬಗೆಗೆ ಅವರ ಬಾಯಿಂದಲೇ ಕೇಳೋಣ. ಒಪ್ಪದ ಮಾತಿದ್ದರೆ ಅಲ್ಲಿಯೇ ಪ್ರಶ್ನಿಸೋಣ, ಉತ್ತರವನ್ನು ಪೂರ್ತಿಯಾಗಿ ಕೇಳೋಣ. ಸ್ಯಾದ್ವಾದದ ಪಾಠ ಮಕ್ಕಳಿಗೆ ಸೂತ್ರಕ್ಕಿಂತ ಇಂಥ ಒಂದು ಸಂಜೆಯಲ್ಲಿ ಚೆನ್ನಾಗಿ ತಿಳಿದೀತು. ಹಾಗೆಯೇ ವಸತಿ ಸಂಘಗಳ ಸಮಿತಿಯಲ್ಲಿರುವ ನಮ್ಮವರು ಮುಂದಿನ ಸಭೆಯಲ್ಲಿ ಹೆಸರು ನೋಡಿ ಬಾಡಿಗೆದಾರರನ್ನು ತಡೆಯುವ ಅಲಿಖಿತ ನಿಯಮವನ್ನು ಪ್ರಶ್ನಿಸಲಿ. ಒಬ್ಬಿಬ್ಬರು ಪ್ರಶ್ನಿಸಿದರೂ ಸಾಕು, ಆ ನಿಯಮಕ್ಕೆ ನಾಚಿಕೆಯಾಗುತ್ತದೆ.

ಜಿನವಾಣಿಯ ಮುಂದೆ ಅಕ್ಷತೆ ಅರ್ಪಿಸುವ ಹಕ್ಕು ನಮಗೆ ಜನ್ಮದಿಂದ ಬಂದಿರಬಹುದು. ಅದನ್ನು ಕಾಯ್ದವರ ಸಾಲಿಗೆ ಸೇರುವ ಹಕ್ಕು ಹಾಗೆ ಬರುವುದಿಲ್ಲ. ಆ ಸಾಲಿನಲ್ಲಿ ಬೌದ್ಧ ಓಲೆಗಳನ್ನು ಇಲಿ ಗೆದ್ದಲುಗಳಿಂದ ರಕ್ಷಿಸಿದ ಹೆಸರಿಲ್ಲದ ಯತಿಗಳಿದ್ದಾರೆ, ಜೈನ ಗಣಿತವನ್ನು ತೆಲುಗು ಮಾಡಿದ ಶೈವನಿದ್ದಾನೆ, ಕೇಶಿರಾಜನನ್ನು ಅಚ್ಚುಹಾಕಿದ ಪಾದ್ರಿಯಿದ್ದಾನೆ. ಅವರ ಪಕ್ಕದಲ್ಲಿ ನಿಲ್ಲಬೇಕಾದರೆ ಈ ಪಂಚಮಿಯಂದು ಗ್ರಂಥದ ವಸ್ತ್ರವನ್ನು ಬಿಚ್ಚಿ, ಒಂದು ಪುಟವನ್ನಾದರೂ ಮಕ್ಕಳ ಮುಂದೆ ಓದಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಅರ್ಥ ಹೇಳಿ ಆರಂಭಿಸೋಣ.